ಹಾಸಿದವನೇ ಎತ್ತಬೇಕು

ಹಿಂದೆ, ಬಹಳ ಹಿಂದೆ, ಬಂಡಿಗೆ ದಾರಿಯಿಲ್ಲದೆ ಎತ್ತಿನ ಬೆನ್ನೇ ಬಂಡಿಯಾಗಿದ್ದ ಕಾಲದಲ್ಲಿ, ಎರೆ ನೆಲದ ಸೀಮೆಯಲ್ಲಿ ಒಂದು ಊರಿತ್ತು. ಊರಿನ ಹೆಸರು ಕೇಳಬೇಡಿ. ಅಕ್ಕಪಕ್ಕದ ಊರುಗಳೆಲ್ಲ ಅದು ನಮ್ಮದೇ ಅಂತಾವೆ. ಒಂದನ್ನು ಒಪ್ಪಿದರೆ ಉಳಿದ ಊರುಗಳಲ್ಲಿ ಕುಡಿಯಲು ನೀರು ಸಿಗುವುದಿಲ್ಲ. ಆ ಊರಲ್ಲಿ ಅಡಿವೆಪ್ಪ ಅಂತ ಒಬ್ಬ ಉಪ್ಪಿನ ವ್ಯಾಪಾರಿ. ಹೇರು, ಅಂದರೆ ಹೊರೆ ಹೊತ್ತ ಎತ್ತಿನ ಸಾಲು, ಕಟ್ಟಿಕೊಂಡು ಉಪ್ಪು ತರುವವನಾದ್ದರಿಂದ ಹೇರಿನ ಅಡಿವೆಪ್ಪ. ಘಟ್ಟದ ಬಾಯಿಂದ ಹೊಳೆಯ ದಂಡೆಯವರೆಗೆ ಅವನನ್ನು ಅರಿಯದ ಮನೆಯಿರಲಿಲ್ಲವಂತೆ.

ಅಡಿವೆಪ್ಪ ಕೂತದ್ದನ್ನು ಕಂಡವರು ಕಡಿಮೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವ ಅಂತಾರೆ. ಉಣ್ಣುವಾಗಲೂ ಒಂದು ಮೊಣಕಾಲು ಎತ್ತಿಟ್ಟುಕೊಂಡೇ ಉಣ್ಣುತ್ತಿದ್ದ, ಯಾರಾದರೂ ಕರೆದರೆ ತಟ್ಟನೆ ಏಳುವವನ ಹಾಗೆ. ಉಪ್ಪು ಘಟ್ಟ ಹತ್ತಿ ಈ ಕಡೆ ಬರಬೇಕು, ಈ ಕಡೆಯ ಜೋಳ ಆ ಕಡೆ ಹೋಗಬೇಕು. ನಡುವೆ ಎತ್ತಿನ ಸಾಲು, ಗಂಟೆಯ ಸದ್ದು, ಧೂಳು. ಧೂಳು ಅಡಗಿದರೆ ವ್ಯಾಪಾರ ಅಡಗಿತು ಅನ್ನುತ್ತಿದ್ದನಂತೆ. ಮಾತನ್ನೂ ತೂಗಿ ಕೊಡುವ ಮನುಷ್ಯ. ಹೆಂಡತಿ ಗುರವ್ವ ಏನು ಕೇಳಿದರೂ ತಕ್ಕಡಿಯ ಒಂದು ತಟ್ಟೆಯಲ್ಲಿ ‘ಹೂಂ’, ಇನ್ನೊಂದರಲ್ಲಿ ‘ಊಹೂಂ’. ಅದರ ಮೇಲೆ ಕೊಸರು ಇಲ್ಲ.

ಇಂಥವನ ಕೈಗೆ ಒಂದು ನಾಯಿಮರಿ ಬಂತು.

ಅದು ಬಂದದ್ದು ಹೀಗೆ ಅಂತಾರೆ. ದಾರಿಯಲ್ಲಿ ಒಂದು ಕುರಿಹಟ್ಟಿ. ಹಟ್ಟಿಯ ನಾಯಿ ಈದಿತ್ತು. ಗಟ್ಟಿ ಮರಿಗಳನ್ನೆಲ್ಲ ಕುರುಬರು ಇಟ್ಟುಕೊಂಡಿದ್ದರು. ಕಡೆಯದು ಬಡಕಲು, ಒಂದು ಕಿವಿ ನಿಂತದ್ದು, ಒಂದು ಕಿವಿ ಬಿದ್ದದ್ದು, ಯಾರಿಗೂ ಬೇಡವಾಗಿತ್ತು. ಅಡಿವೆಪ್ಪ ಒಂದು ಹಿಡಿ ಉಪ್ಪು ಕೊಟ್ಟು ಅದನ್ನು ಎತ್ತಿಕೊಂಡ. ಬೊಗಸೆಯೂ ಅಲ್ಲ, ಒಂದು ಹಿಡಿ. ಯಾಕೆ ಕೊಂಡ ಅಂತ ಅವನಿಗೇ ಗೊತ್ತಿರಲಿಲ್ಲವಂತೆ. ಬೇಡದ ಮಾಲು ಅಗ್ಗಕ್ಕೆ ಸಿಕ್ಕರೆ ಕೈ ತಾನಾಗಿ ಮುಂದೆ ಹೋಗುತ್ತದೆ, ವ್ಯಾಪಾರಿಯ ಕೈಗೆ ಅದೊಂದು ರೋಗ. ಖಾಲಿ ಚೀಲದ ಬಾಯಲ್ಲಿ ಅದನ್ನು ಕೂರಿಸಿ ಎತ್ತಿನ ಬೆನ್ನಿಗೆ ಹಾಕಿದ. ಮರಿ ದಾರಿಯುದ್ದಕ್ಕೂ ಚೀಲಕ್ಕೆ ಅಂಟಿದ್ದ ಉಪ್ಪು ನೆಕ್ಕಿತು, ಮುಂದಿನ ಹಳ್ಳದಲ್ಲಿ ಹೊಟ್ಟೆ ನಗಾರಿಯಾಗುವವರೆಗೆ ನೀರು ಕುಡಿಯಿತು.

ಜೊತೆಗಿದ್ದವ ಭರಮಪ್ಪ, ಗುರವ್ವನ ತಮ್ಮ, ಹೇರಿನ ಹಿಂದಿನ ತುದಿ ನೋಡಿಕೊಳ್ಳುವವ. ಬಾಯಿ ಸುಮ್ಮನಿರದ ಆಳು. ಅವನು ನಕ್ಕು ಹೇಳಿದನಂತೆ:

“ಉಪ್ಪುಂಡ ಮನಿಗೆ ಎರಡು ಬಗೀಬಾರದು ಅಂತಾರ, ಮಾವಾರ. ಇದು ಮೊದಲನೇ ದಿನಾನ ನಿಮ್ಮ ಉಪ್ಪು ನೆಕ್ಕೇತಿ. ಇನ್ನ ಇದಕ್ಕೂ ಬಿಡುಗಡಿ ಇಲ್ಲ, ನಿಮಗೂ ಇಲ್ಲ.”

ಮೈಬಣ್ಣ ಕಾಳಿನ ಹಾಗಿತ್ತು ಅಂತ ಗೋದಿ ಅಂತ ಹೆಸರಿಟ್ಟರು.

ಗೋದಿ ಬೆಳೆಯಿತು. ಬಡಕಲು ಹೋಗಿ ಬಿಲ್ಲಿನಂತೆ ಬಾಗಿದ ಹೊಟ್ಟೆ, ಉದ್ದ ಕಾಲು ಬಂದವು. ಬಿದ್ದ ಕಿವಿ ಮಾತ್ರ ಏಳಲೇ ಇಲ್ಲ. ಹೇರು ನಡೆಯುವಾಗ ಅದು ಎಲ್ಲರ ಹಿಂದೆ, ಧೂಳಿನ ಹಿಂದೆ, ಕಣ್ಣಿಗೆ ಕಾಣದಷ್ಟು ಹಿಂದೆ ಬರುತ್ತಿತ್ತು. ಒಂದು ಎತ್ತು ಸಾಲು ಬಿಟ್ಟರೆ ಹಿಮ್ಮಡಿ ಮೂಸಿ ಸಾಲಿಗೆ ತರುತ್ತಿತ್ತು. ತಂಗುವ ಬಯಲಿಗೆ ಬಂದರೆ ಅಡಿವೆಪ್ಪ ರೊಟ್ಟಿ ಮುರಿದು ಮೊದಲ ತುತ್ತನ್ನು ಪಕ್ಕಕ್ಕೆ ಚಾಚುತ್ತಿದ್ದ, ನೋಡದೆಯೇ. ತುತ್ತು ಕೈಯಿಂದ ಮಾಯವಾಗುತ್ತಿತ್ತು. ಆಮೇಲೆ ಅವನು ಉಣ್ಣುತ್ತಿದ್ದ. ಆಮೇಲೆ, ಮಾತು ತೂಗಿ ಕೊಡುವ ಆ ಮನುಷ್ಯ, ನಾಯಿಯ ಮುಂದೆ ಚೀಲದ ಬಾಯಿ ಬಿಚ್ಚಿದಂತೆ ಮಾತಾಡುತ್ತಿದ್ದನಂತೆ: ಯಾರ ಉಪ್ಪಿನಲ್ಲಿ ಮಣ್ಣು, ಯಾರ ತಕ್ಕಡಿಯಲ್ಲಿ ಹೆಬ್ಬೆರಳು, ಯಾವ ಪೇಟೆಯ ಗಾಳಿ ಯಾವ ಕಡೆಗೆ ತಿರುಗುತ್ತಿದೆ. ನಿಂತ ಕಿವಿ ಕೇಳಲಿಕ್ಕೆ, ಬಿದ್ದ ಕಿವಿ ಗುಟ್ಟು ಮುಚ್ಚಲಿಕ್ಕೆ ಅಂತ ಭರಮಪ್ಪ ಚೇಷ್ಟೆ ಮಾಡುತ್ತಿದ್ದ.

ಊರಿನ ಎಲ್ಲೆ ಕಂಡಾಗ ಮಾತ್ರ ಗೋದಿ ತನ್ನ ಜಾಗ ಬಿಡುತ್ತಿತ್ತು. ಇಡೀ ಸಾಲನ್ನು ದಾಟಿ, ಯಜಮಾನನನ್ನೂ ದಾಟಿ, ಬಾಣದಂತೆ ಮನೆಯ ಬಾಗಿಲಿಗೆ. ಗುರವ್ವ ಅದನ್ನು ಕಂಡ ಕೂಡಲೆ ಹಂಡೆಗೆ ಉರಿ ಹಾಕುತ್ತಿದ್ದಳು. ಹೇರು ಬಂದು ಚೀಲ ಇಳಿಯುವ ಹೊತ್ತಿಗೆ ಅಡಿವೆಪ್ಪನ ಸ್ನಾನಕ್ಕೆ ನೀರು ಕಾದಿರುತ್ತಿತ್ತು. ಓಣಿಯ ಹೆಂಗಸರು, ನಿನ್ನ ಗಂಡ ಬಂದನೇನು ಅಂತ ಕೇಳಿದರೆ, ಇನ್ನೂ ಇಲ್ಲ, ಗೋದಿ ಬಂದಾಳ, ಹಿಂದ ಅವರೂ ಬರಬಹುದು ಅನ್ನುತ್ತಿದ್ದಳಂತೆ.

ಈಗ ಹೇರಿನವರ ಪದ್ಧತಿ ಒಂದನ್ನು ಕೇಳಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ಕೈಗೆ ಸಿಗುವುದಿಲ್ಲ.

ತಂಗುವ ಬಯಲಲ್ಲಿ ಚೀಲಗಳನ್ನು ಇಳಿಸಿ ಗೋಡೆಯಂತೆ ಒಟ್ಟುತ್ತಿದ್ದರು. ಒಟ್ಟಿಲಿನ ಮುಂದೆ ಯಜಮಾನ ತನ್ನ ಹೆಗಲ ಕಂಬಳಿ ತೆಗೆದು ಹಾಸುತ್ತಿದ್ದ. ನಾಯಿ ಅದರ ಮೇಲೆ ಕೂತಿತೆಂದರೆ ಮುಗಿಯಿತು. ಕಂಬಳಿ ಹಾಸಿದವನೇ ಎತ್ತಬೇಕು. ಬೆಳಗ್ಗೆ ಅವನು ಬಂದು, ಕಂಬಳಿ ಎತ್ತಿ, ಝಾಡಿಸಿ, “ಎತ್ತೀನಿ, ನಡಿ” ಅಂದರೆ ನಾಯಿ ಎದ್ದು ಮೈಮುರಿಯುತ್ತದೆ. ಅಲ್ಲಿಯವರೆಗೆ ಅರಸ ಬಂದು ಕರೆದರೂ ಇಲ್ಲ. ಕಳ್ಳರು ಮದ್ದು ಹಾಕಿ ಕೊಲ್ಲಬಾರದಲ್ಲ, ಅದಕ್ಕೆ ಬೇರೆಯವರ ಕೈಯ ಕೂಳನ್ನೂ ಮುಟ್ಟದಂತೆ ಕಲಿಸುತ್ತಿದ್ದರು. ಎಲ್ಲ ಹೇರಿನವರೂ ಹೀಗೆ ಕಲಿಸುವವರೇ. ಆದರೆ ಅಡಿವೆಪ್ಪ ಕಲಿಸಿದ ಹಾಗೆ ಯಾರೂ ಕಲಿಸಲಿಲ್ಲ, ಗೋದಿ ಕಲಿತ ಹಾಗೆ ಯಾವ ನಾಯಿಯೂ ಕಲಿಯಲಿಲ್ಲ ಅಂತಾರೆ.

ಒಮ್ಮೆ ಒಬ್ಬ ಕಳ್ಳ ಒಟ್ಟಿಲಿನ ಪಕ್ಕದಿಂದ ಚೀಲ ಜಗ್ಗಿದನಂತೆ. ಗೋದಿ ಬೊಗಳಲಿಲ್ಲ, ಕಚ್ಚಲಿಲ್ಲ. ಕಂಬಳಿಯ ಮೇಲೆ ಹಿಂಗಾಲು ಊರಿಕೊಂಡೇ ಕತ್ತು ಚಾಚಿ ಅವನ ಧೋತರದ ಅಂಚು ಹಿಡಿಯಿತು. ಅಷ್ಟೇ. ಬೆಳಗ್ಗೆ ಅಡಿವೆಪ್ಪ ಎದ್ದು ಬಂದಾಗ ಕಳ್ಳನೂ ನಾಯಿಯೂ ಎದುರುಬದುರು ಕೂತು ಆಕಳಿಸುತ್ತಿದ್ದರು. ಕಳ್ಳ ಕೈಮುಗಿದು, “ಸಾವಕಾರ್ರ, ಮೊದಲ ಕಂಬಳಿ ಎತ್ರಿ, ಆಮ್ಯಾಲ ಬೇಕಾದ್ರ ಹೊಡೀರಿ” ಅಂದನಂತೆ. ಈಗ ಹೇಳುವವರು ಆ ಒಬ್ಬ ಕಳ್ಳನನ್ನು ಒಂದು ದಂಡು ಮಾಡಿದ್ದಾರೆ, ದಂಡಿಗೆ ಕುದುರೆ ಕೊಟ್ಟಿದ್ದಾರೆ. ಇರಲಿ. ಒಬ್ಬನಂತೂ ಇದ್ದ.

ಅಂದಿನಿಂದ ಅಡಿವೆಪ್ಪನಿಗೆ ಒಂದು ಜಂಬ ಬಂತು. ಉಪ್ಪಿನ ಬಗ್ಗೆ ಕೊಚ್ಚಿಕೊಳ್ಳದವ ನಾಯಿಯ ಬಗ್ಗೆ ಕೊಚ್ಚಿಕೊಂಡ. ನಾನು ಎತ್ತುವವರೆಗೆ ಅದು ಏಳೋದಿಲ್ಲ, ಬೇಕಾದರೆ ನೀವು ಎಬ್ಬಿಸಿ ನೋಡಿ ಅಂತ ಪೇಟೆಪೇಟೆಯಲ್ಲಿ ಹೇಳಿದ. ಜನ ಎಲುಬು ಎಸೆದರು, ಬೆಲ್ಲ ತೋರಿಸಿದರು, ಬೇರೆ ನಾಯಿಗಳನ್ನು ಬಿಟ್ಟರು. ಗೋದಿ ಏಳಲಿಲ್ಲ. ದೂರದಲ್ಲಿ ನಿಂತ ಅಡಿವೆಪ್ಪ ಎಲೆ ಅಡಿಕೆ ಜಗಿಯುತ್ತ ನಗುತ್ತಿದ್ದ. ಹೇರಿನವರಿಗೆ ಇನ್ನೊಂದು ನಂಬಿಕೆಯೂ ಇತ್ತು: ಹೊರಟ ಮೇಲೆ ಹಿಂದೆ ನೋಡಬಾರದು. ನೋಡಿದರೆ ಲಾಭ ಬೆನ್ನು ಬಿಟ್ಟು ಅಲ್ಲೇ ಕೂತುಬಿಡುತ್ತದೆ. ಅಡಿವೆಪ್ಪ ತನ್ನ ಆಯುಷ್ಯದಲ್ಲಿ ಒಮ್ಮೆಯೂ ಹಿಂದೆ ನೋಡಿದವನಲ್ಲ.

ಹೀಗಿರುವಾಗ ಒಂದು ಬೇಸಿಗೆಯ ಕಡೆಯಲ್ಲಿ ಉಪ್ಪಿನ ಹೇರು ಘಟ್ಟ ಹತ್ತಿ ಬರುತ್ತಿತ್ತು. ಮಳೆ ಇನ್ನೂ ದೂರ ಅಂತ ಎಲ್ಲರೂ ಅಂದುಕೊಂಡಿದ್ದರು. ಕುಂಬಾರಕೇರಿಯ ಹೊರಗಿನ ಬಯಲಲ್ಲಿ ತಂಗಿದರು. ಅಲ್ಲಿಂದ ಒಂದು ಹಳ್ಳ ದಾಟಿದರೆ ಮುಂದಿನ ತಂಗು, ಅದರಾಚೆ ಪೇಟೆ. ಅಡಿವೆಪ್ಪ ಎಂದಿನಂತೆ ತನ್ನ ಕಂಬಳಿ ಹಾಸಿದ. ಕರಿ ಕಂಬಳಿ, ಕೆಂಪು ಅಂಚು. ಗೋದಿ ಕೂತಿತು.

ನಸುಕಿಗೆ ಗಾಳಿ ಎದ್ದಿತು. ಭರಮಪ್ಪನಿಗೆ ಎಚ್ಚರವಾಗಿ ನೋಡಿದರೆ ಮಾವ ಬರೀ ಮೈಯಲ್ಲಿ ಮುದುಡಿ ಮಲಗಿದ್ದಾನೆ. ಪಾಪ ಅಂತ ತನ್ನ ಕಂಬಳಿ ಅವನ ಮೇಲೆ ಹೊದಿಸಿದ. ಒಳ್ಳೆಯದನ್ನೇ ಮಾಡಿದ. ಕೆಡುಕೆಲ್ಲ ಆ ಒಳ್ಳೆಯದರಿಂದಲೇ ಬಂತು.

ಬೆಳಕು ಹರಿಯುವಾಗ ಪಡುವಣದಲ್ಲಿ ಗುಡುಗಿತು. ಅಡಿವೆಪ್ಪ ಧಡಕ್ಕನೆ ಎದ್ದ. ಮೋಡ ಕಂಡು ಒಕ್ಕಲಿಗ ಕುಣಿಯುತ್ತಾನೆ, ಉಪ್ಪಿನವ ಎದೆ ಹಿಡಿದುಕೊಳ್ಳುತ್ತಾನೆ. ಚೀಲಕ್ಕೆ ಮಳೆ ತಾಗಿದರೆ ಉಪ್ಪು ಬಂದ ದಾರಿಯಲ್ಲೇ ಕರಗಿ ಸಮುದ್ರಕ್ಕೆ ಹೊರಡುತ್ತದೆ. ಅವನು ಹೊದ್ದ ಕಂಬಳಿಯನ್ನು ಹೆಗಲಿಗೆ ಎಸೆದುಕೊಂಡು ಕೂಗುತ್ತ ಓಡಾಡಿದ. ಎತ್ತು ತರುವವರು ಎತ್ತು ತಂದರು, ಹಗ್ಗದವರು ಹಗ್ಗ ಬಿಗಿದರು. ಎಂದಿನ ಕ್ರಮ ಮೊದಲು ಕಂಬಳಿ, ಆಮೇಲೆ ಚೀಲ. ಅಂದು ಅವನೇ ಗೋದಿಯ ತಲೆಯ ಮೇಲಿಂದ ಕೈ ಚಾಚಿ ಮೊದಲ ಚೀಲ ಎಳೆದ. ಯಜಮಾನನೇ ಎಳೆದರೆ ನಾಯಿ ಏನು ಮಾಡೀತು? ಅವನ ಮುಖ ನೋಡಿತು. ಕಂಬಳಿ ಎತ್ತಿದರಾಯಿತು, ಕಡೆಗೆ ಎತ್ತಿದರಾಯಿತು ಅಂತ ಅವನ ಮನಸ್ಸು ಅಂದುಕೊಂಡಿತಂತೆ. ಕಡೆಯ ಚೀಲ ಏರಿತು. ಅಡಿವೆಪ್ಪ ಹೆಗಲು ಮುಟ್ಟಿ ನೋಡಿಕೊಂಡ. ಹೆಗಲ ಮೇಲೆ ಕಂಬಳಿಯ ಭಾರ ಇತ್ತು. ಸರಿ ಅಂತ ಹೊರಟ.

ಗಾಳಿ, ಧೂಳು, ಗಂಟೆ. ಮುಂದೆ ಅಡಿವೆಪ್ಪ, ಹಿಂದಿನ ತುದಿಗೆ ಭರಮಪ್ಪ. ಇಬ್ಬರೂ ಹಿಂದೆ ನೋಡಲಿಲ್ಲ.

ಬಯಲಿನ ನಡುವೆ ಒಂದು ಕಂಬಳಿ, ಕಂಬಳಿಯ ಮೇಲೆ ಒಂದು ನಾಯಿ. ಕಾಯಲಿಕ್ಕೆ ಒಂದು ಚೀಲವೂ ಇಲ್ಲ.

ಹಳ್ಳ ದಾಟಿ, ಹೊತ್ತು ವಾಲಿದ ಮೇಲೆ ಮುಂದಿನ ತಂಗು ಬಂತು. ಚೀಲ ಒಟ್ಟಿದರು. ಅಡಿವೆಪ್ಪ ಕಂಬಳಿ ತೆಗೆದು ಹಾಸಿದ. ಹಾಸಿದ ಕೈ ಅಲ್ಲೇ ನಿಂತಿತು. ಕೆಂಪು ಅಂಚು ಇಲ್ಲ. ಸಿಳ್ಳೆ ಹಾಕಿದ. ಇನ್ನೊಮ್ಮೆ ಹಾಕಿದ. ಧೂಳು ನೆಲಕ್ಕಿಳಿದು ದಾರಿ ಬಯಲಾಯಿತು. ಬಯಲಾದ ದಾರಿಯಲ್ಲಿ ಯಾರೂ ಬರುತ್ತಿರಲಿಲ್ಲ.

ಅದು ತಾನು ಹೊದಿಸಿದ ಕಂಬಳಿ ಅಂತ ಭರಮಪ್ಪನಿಗೆ ತಿಳಿಯಿತು. ಅವನೇ ಧೈರ್ಯ ಹೇಳಿದ.

“ನಾಯಿಗೆ ನಾಕು ಕಾಲ ಅದಾವು, ಮಾವಾರ. ನಾವು ಪ್ಯಾಟಿ ಮುಟ್ಟೂದರಾಗ ಅದ ಬಂದು ನಿಮ್ಮ ಕಾಲ ಮೂಸತೈತಿ. ಮ್ಯಾಲ ನೋಡ್ರಿ, ಮಾಡ ತೆಲಿಗೆ ಬಡೀತೈತಿ.”

ಅಡಿವೆಪ್ಪ ಮೇಲೆ ನೋಡಿದ. ಮುಂದೆ ಪೇಟೆ, ಮೇಲೆ ಮೋಡ, ಹಿಂದೆ ನಾಯಿ. ಅದು ತಾನಾಗಿ ಬರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಊರೂರು ತಿರುಗಿ ಕೊಚ್ಚಿಕೊಂಡದ್ದು ಅದನ್ನೇ ಅಲ್ಲವೆ? ಬೇರೆ ಯಾರನ್ನು ಕಳಿಸಿದರೂ ಆಗುವುದಿಲ್ಲ ಅಂತಲೂ ಗೊತ್ತಿತ್ತು. ಹಾಸಿದವನೇ ಎತ್ತಬೇಕು. ಆ ಒಂದು ಗಳಿಗೆಯಲ್ಲಿ ಅವನು ತಿರುಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗೊತ್ತಿದ್ದೂ ಅವನು ‘ಹೂಂ’ ಅಂದ. ಒಟ್ಟಿದ ಚೀಲ ಮತ್ತೆ ಎತ್ತಿನ ಬೆನ್ನೇರಿದವು, ಹೇರು ಮುಂದೆ ಹೊರಟಿತು.

ಪೇಟೆ ಮುಟ್ಟಿ, ಚೀಲ ಚಾವಡಿಯೊಳಗೆ ಸೇರಿ, ಬಾಗಿಲು ಹಾಕಿದ್ದೇ ತಡ, ಮಳೆ ಇಳಿಯಿತು. ಹಿಂದೆ ಉಳಿದವರ ಉಪ್ಪೆಲ್ಲ ಹೊಲದ ಪಾಲಾಯಿತು. ಒಣ ಉಪ್ಪು ಇದ್ದದ್ದು ಅಡಿವೆಪ್ಪನ ಬಳಿ ಒಂದೇ. ಅವನ ಆಯುಷ್ಯದಲ್ಲೇ ಅಂಥ ವ್ಯಾಪಾರ ಆಗಿರಲಿಲ್ಲವಂತೆ. ಪೇಟೆಯವರೆಲ್ಲ ಬಂದು ನಿನ್ನ ಮೂಗು ದೊಡ್ಡದು, ಮಳೆಯ ವಾಸನೆ ಮೊದಲೇ ಹಿಡಿಯಿತು ಅಂತ ಹೊಗಳಿದರು. ಅವನು ಚಾವಡಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಕೂಡ್ರಪ್ಪ ಅಂದರೆ ಕೂಡುತ್ತಿರಲಿಲ್ಲ. ಬಾಗಿಲಿಗೆ ಹೋಗಿ ದಾರಿ ನೋಡುವುದು, ಮೋಡ ನೋಡುವುದು, ಒಳಗೆ ಬರುವುದು, ಮತ್ತೆ ಹೋಗುವುದು.

ಊಟಕ್ಕೆ ಕೂರಿಸಿದರು. ರೊಟ್ಟಿ ಮುರಿದ, ಮೊದಲ ತುತ್ತನ್ನು ಪಕ್ಕಕ್ಕೆ ಚಾಚಿದ. ಕೈ ಹಾಗೇ ಚಾಚಿಕೊಂಡಿತ್ತು. ಎಲ್ಲಿಂದಲೋ ಪೇಟೆಯ ಒಂದು ಬೀದಿನಾಯಿ ಹೆದರುತ್ತ ಬಂದು ಆ ತುತ್ತು ಕಚ್ಚಿಕೊಂಡು ಓಡಿತು. ಅಡಿವೆಪ್ಪ ಎದ್ದ. ಮುರಿದ ರೊಟ್ಟಿಯನ್ನು ಪಂಚೆಯ ತುದಿಗೆ ಕಟ್ಟಿಕೊಂಡ. ಎತ್ತು ನೋಡಿಕೊ ಅಂತ ಭರಮಪ್ಪನಿಗೆ ಹೇಳಿ ಆ ಸುರಿಯುವ ಮಳೆಯಲ್ಲಿ ಇಳಿದು ಹೋದ. ಹೋಗುವಾಗ ಓಡುತ್ತಿದ್ದ ಅಂತ ಕೆಲವರು, ನಡೆಯುತ್ತಿದ್ದ ಅಂತ ಕೆಲವರು. ಅವನ ನಡಿಗೆಯೇ ಬೇರೆಯವರ ಓಟವಾಗಿತ್ತು.

ಹಳ್ಳ ತುಂಬಿ ಬಂದಿತ್ತು.

ಕೆಂಪು ನೀರು, ನೀರಿನಲ್ಲಿ ಬೇರು ಸಹಿತ ಬಂದ ಜಾಲಿಮರಗಳು. ಈಚೆ ದಂಡೆಯಲ್ಲಿ ಅಡಿವೆಪ್ಪ. ಮೇಲಕ್ಕೆ ಹೋಗಿ ನೋಡಿದ, ಕೆಳಕ್ಕೆ ಹೋಗಿ ನೋಡಿದ. ಮೂರು ಸಲ ಇಳಿದ, ಮೂರು ಸಲವೂ ಹಳ್ಳ ಅವನನ್ನು ದಂಡೆಗೆ ಎಸೆಯಿತು ಅಂತಾರೆ. ಆಮೇಲೆ ದಂಡೆಯುದ್ದಕ್ಕೂ ನಡೆಯತೊಡಗಿದ. ಹಗಲು ನಡೆದ, ಇರುಳು ನಡೆದ. ಅವನು ತುಳಿದ ಜಾಗದಲ್ಲಿ ಒಂದು ದಾರಿಯೇ ಬಿತ್ತು, ಇವತ್ತಿಗೂ ಅಲ್ಲಿ ಹುಲ್ಲು ಹುಟ್ಟುವುದಿಲ್ಲ ಅಂತ ತೋರಿಸುತ್ತಾರೆ. ಅವನ ಸಂಕಟ ನೋಡಲಾರದೆ ಹಳ್ಳ ಎರಡಾಗಿ ಸೀಳಿ ದಾರಿ ಬಿಟ್ಟಿತು ಅನ್ನುವವರೂ ಇದ್ದಾರೆ. ಹಳ್ಳ ಯಾರಿಗೂ ದಾರಿ ಬಿಡುವುದಿಲ್ಲ. ನೀರು ಇಳಿಯುವಾಗ ಇಳಿಯಿತು, ಆಗ ಅವನು ದಾಟಿದ. ಎಷ್ಟು ದಿನಕ್ಕೆ ಅಂತ ಅವನಿಗೂ ಗೊತ್ತಿರಲಿಲ್ಲ.

ಇತ್ತ ಕುಂಬಾರಕೇರಿಯ ಬಯಲಲ್ಲಿ ಏನಾಗಿತ್ತು ಅಂದರೆ, ಅಲ್ಲಿ ಸಾತವ್ವ ಅಂತ ಒಬ್ಬ ವಯಸ್ಸಾದ ಕುಂಬಾರಗಿತ್ತಿ ಇದ್ದಳು. ಗಂಡ ಸತ್ತ ಮೇಲೆ ತಾನೇ ತಿಗರಿ ತಿರುಗಿಸುವವಳು. ಹೇರು ಹೋದ ಮೇಲೂ ನಾಯಿ ಕೂತದ್ದನ್ನು ಮೊದಲು ಕಂಡವಳು ಅವಳೇ. ಮರೆತು ಹೋಗಿದ್ದಾರೆ, ಸಂಜೆಗೆ ಬಂದಾರು ಅಂದುಕೊಂಡಳು. ಸಂಜೆಗೆ ಮಳೆ ಬಂತು.

ಕೇರಿಯ ಗಂಡಸರು ಹೋಗಿ ಕಂಬಳಿ ಎಳೆಯಲು ನೋಡಿದರು. ಗೋದಿ ಹಲ್ಲು ತೋರಿಸಿತು. ಸಾತವ್ವ ರೊಟ್ಟಿ ಒಯ್ದಳು. ಗೋದಿ ಮುಖ ತಿರುಗಿಸಿತು. ಗಡಿಗೆ ಸುಡುವ ಆವಿಗೆಯನ್ನು ಕೆದಕುವ ಉದ್ದ ಕೋಲಿನಿಂದ ಒಂದು ಪರಟೆ ನೀರು ತಳ್ಳಿದಳು, ನೀರನ್ನಷ್ಟೆ ಕುಡಿಯಿತು. ಎರಡು ಕೋಲು ನೆಟ್ಟು ಮೇಲೆ ಗೋಣಿತಟ್ಟು ಕಟ್ಟಿದಳು. ಗಾಳಿ ಅದನ್ನು ಹಾರಿಸಿಕೊಂಡು ಹೋಯಿತು. ಕಡೆಗೆ ಸತ್ತ ಗಂಡನ ರುಮಾಲು ಸುತ್ತಿಕೊಂಡು, ಅವನ ಕಂಬಳಿ ಹೊದ್ದು, ಗಂಡಸಿನಂತೆ ಕೆಮ್ಮುತ್ತ ನಡೆದು ಹೋದಳಂತೆ. ಕೇರಿಗೆ ಕೇರಿಯೇ ಬಿದ್ದು ಬಿದ್ದು ನಕ್ಕಿತು. ಗೋದಿ ತಲೆ ಎತ್ತಿತು, ನಿಂತ ಕಿವಿ ಇನ್ನೂ ನಿಂತಿತು. ಒಂದು ಗಳಿಗೆ ನಂಬಿತು. ಗಾಳಿ ಮೂಸಿತು. ತಲೆಯನ್ನು ಮತ್ತೆ ಮುಂಗಾಲ ಮೇಲೆ ಇಟ್ಟುಕೊಂಡಿತು. ಸಾತವ್ವ ರುಮಾಲು ಬಿಚ್ಚುತ್ತ, ಗಡ್ಡ ಇದ್ದಿದ್ದರ ನಂಬತಿತ್ತೋ ಏನೋ ಅಂದಳು. ಆಮೇಲೆ ಕೇರಿಯಲ್ಲಿ ಯಾರೂ ನಗಲಿಲ್ಲ.

ಅಡಿವೆಪ್ಪ ಬಂದ ದಿನ ಮಳೆ ನಿಂತು ಬಿಸಿಲು ಬಿದ್ದಿತ್ತು. ದೂರದಿಂದಲೇ ಕೆಂಪು ಅಂಚು ಕಂಡಿತು. ಮಣ್ಣಿನಲ್ಲಿ ಕಾಲು ಹೂತು ಬೀಳುತ್ತ ಏಳುತ್ತ ಬಂದ. ಗೋದಿಗೆ ಏಳಲಾಗಲಿಲ್ಲ. ಬಾಲ ಮಾತ್ರ ಒದ್ದೆ ಕಂಬಳಿಯನ್ನು ಬಡಿಯಿತು, ಪಟ್, ಪಟ್ ಅಂತ. ಅವನು ಪಕ್ಕದಲ್ಲಿ ಕೂತ. ಮೊಣಕಾಲು ಎತ್ತಿಡದೆ, ಎರಡೂ ಕಾಲು ಮಡಿಸಿ, ನೆಲ ಹಿಡಿದು ಕೂತ. ಪಂಚೆಯ ತುದಿ ಬಿಚ್ಚಿ ನೆನೆದ ರೊಟ್ಟಿಯ ಒಂದು ತುತ್ತು ಪಕ್ಕಕ್ಕೆ ಚಾಚಿದ. ಈ ಸಲ ನೋಡುತ್ತ ಚಾಚಿದ. ಗೋದಿ ಅದನ್ನು ಬಾಯಲ್ಲಿ ಹಿಡಿದುಕೊಂಡಿತು. ಅಗಿಯಲಿಲ್ಲ, ನುಂಗಲಿಲ್ಲ, ಅವನು ಕೊಟ್ಟದ್ದು ಅಂತ ಹಿಡಿದುಕೊಂಡಿತ್ತು, ಅಷ್ಟೇ. ಹಾಗೇ ಇದ್ದು ಹೋಯಿತು.

ಅದು ಸಾಯಲಿಲ್ಲ, ಎದ್ದು ಅವನ ಹಿಂದೆ ಊರವರೆಗೂ ನಡೆಯಿತು ಅಂತ ಹೇರಿನವರ ಮನೆಗಳಲ್ಲಿ ಹೇಳುತ್ತಾರೆ. ಕುಂಬಾರರು ಹಾಗೆ ಹೇಳುವುದಿಲ್ಲ. ಅಲ್ಲಿ ಇದ್ದವರು ಕುಂಬಾರರು. ಇದ್ದವರ ಮಾತಿಗೆ ತೂಕ ಜಾಸ್ತಿ.

ಬಯಲಲ್ಲೇ ಕುಣಿ ತೋಡಿದರು. ಅಡಿವೆಪ್ಪ ಗೋದಿಯನ್ನು ಕಂಬಳಿಯ ಸಮೇತ ಇಳಿಸಿದ, ಅಂಚು ಎಳೆದು ಮೇಲೆ ಹೊದಿಸಿದ. ಅಂಥ ಕಂಬಳಿ ಆ ಸೀಮೆಯಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಅದನ್ನು ಬಿಟ್ಟುಕೊಟ್ಟರೆ ಏನೋ ಒಂದಿಷ್ಟು ಸರಿಹೋಗುತ್ತದೆ ಅಂತ ಅವನ ಲೆಕ್ಕ. ಮೊದಲ ಹಿಡಿ ಮಣ್ಣು ಎತ್ತಿದಾಗ ಸಾತವ್ವ ಅವನ ಮಣಿಕಟ್ಟು ಹಿಡಿದಳು.

“ಏನ್ ಮಾಡಾಕ್ಹತ್ತಿ, ತಮ್ಮಾ? ಮತ್ತ ಕಂಬಳಿ ಹಾಸಿ ಬಿಟ್ಟು ಹೊಂಟಿ? ಆಕಿ ಅಲ್ಲೂ ಕಾಯ್ಕೋತ ಕುಂಡ್ರತಾಳ. ಎತ್ತಿ ಹೋಗು.”

ಅಡಿವೆಪ್ಪನ ಕೈಯ ಮಣ್ಣು ಉದುರಿತು. ಅವನು ಕುಣಿಗೆ ಇಳಿದ. ಕಂಬಳಿಯನ್ನು ಅಂಚಿನಿಂದ ಸ್ವಲ್ಪ ಸ್ವಲ್ಪವೇ ಎಳೆದು ಬಿಡಿಸಿಕೊಂಡ. ಎದ್ದು ನಿಂತು ಝಾಡಿಸಿದ. ಹೇಳಬೇಕಾದ ಮಾತು ಗಂಟಲಿನಿಂದ ಬೇಗ ಬರಲಿಲ್ಲ. ಕೇರಿಯವರೆಲ್ಲ ಕಾದರು. ಕಡೆಗೆ ಬಂತು.

“ಎತ್ತೀನಿ. ನಡಿ.”

ಆಗ ಮಣ್ಣು ಮುಚ್ಚಿದರು. ಅವನು ಆ ಒದ್ದೆ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಸ್ವಲ್ಪ ದೂರ ಹೋದವ ನಿಂತ, ಹಿಂದೆ ನೋಡಿದ. ಹೇರಿನವನೊಬ್ಬ ಹಿಂದೆ ನೋಡಿದ್ದು ಅದೇ ಮೊದಲು ಅಂತಾರೆ.

ಊರಿಗೆ ಬಂದಾಗ ಅವನು ಬಂದದ್ದು ಯಾರಿಗೂ ತಿಳಿಯಲಿಲ್ಲ. ಗುರವ್ವ ಹಿತ್ತಲಲ್ಲಿದ್ದಳು. ಹಂಡೆ ತಣ್ಣಗಿತ್ತು. ಅವನು ಬಾಗಿಲಲ್ಲಿ ನಿಂತೇ ಇದ್ದ. ಆಕೆ ತಿರುಗಿ ನೋಡಿದಳು, ಅವನ ಹಿಂದೆ ನೋಡಿದಳು. ಹೋಗಿ ಒಲೆಗೆ ಉರಿ ಹಾಕಿದಳು.

ಆಮೇಲೆ ಅಡಿವೆಪ್ಪ ಮನೆಯಲ್ಲಿ ನಿಲ್ಲಲಿಲ್ಲ. ಮೊದಲೇ ಕೂಡದವನು, ಈಗ ನಿಂತಲ್ಲಿ ನಿಲ್ಲದವನಾದ. ಸಾಲಿನ ಮುಂದೆ ನಡೆಯುತ್ತಿದ್ದವ ಭರಮಪ್ಪನನ್ನು ಮುಂದೆ ಬಿಟ್ಟು ತಾನು ಹಿಂದಿನ ತುದಿಗೆ ಬಂದ. ತನ್ನ ಹೇರು ಮಾತ್ರವಲ್ಲ, ಯಾರ ಹೇರು ಹೊರಟರೂ ಬಯಲಿನಿಂದ ಕಡೆಗೆ ಹೊರಡುವವನು ಅವನೇ. ಚೀಲ ಒಟ್ಟಿದ್ದ ಜಾಗವನ್ನೆಲ್ಲ ಸುತ್ತಿ ನೋಡುವುದು. ಬಿಟ್ಟುಹೋದ ಕರು, ಮರೆತ ತಂಬಿಗೆ, ಪೊದೆಯ ಹಿಂದೆ ನಿದ್ದೆಹೋದ ಮುದುಕ, ಏನು ಸಿಕ್ಕರೂ ಹಿಂದಿನಿಂದ ತಂದು ಮುಟ್ಟಿಸುವುದು. ಒಮ್ಮೆ ತೊಟ್ಟಿಲ ಕೂಸೊಂದನ್ನೇ ತಂದ ಅಂತಾರೆ. ಅದು ಇರಲಿಕ್ಕಿಲ್ಲ, ಕೂಸನ್ನು ಮರೆಯುವ ತಾಯಿ ಆ ಕಾಲದಲ್ಲೂ ಇರಲಿಲ್ಲ. ಆದರೆ ಹೇಳುತ್ತಾರೆ.

ಇನ್ನು ನಾಯಿ ಸಾಕಬಾರದು ಅಂತ ಆಣೆ ಮಾಡಿದ್ದನಂತೆ. ಮುಂದೆ ಯಾವುದೋ ವರ್ಷ ಕುಂಬಾರಕೇರಿಯ ಬಯಲಲ್ಲಿ ತಂಗಿದಾಗ ಸಾತವ್ವ ಸೆರಗಿನಲ್ಲಿ ಒಂದು ಮರಿ ಕಟ್ಟಿಕೊಂಡು ಬಂದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಒಲ್ಲೆ ಯವ್ವಾ. ಕಳಕೊಳ್ಳೂ ಮಾಲ ಯಾವ ವ್ಯಾಪಾರಿ ತಗೋತಾನ?”

“ನಾ ದಿನಾ ಗಡಿಗಿ ಮಾಡ್ತೀನೋ ಇಲ್ಲೋ? ಒಡೀತೈತಿ ಅಂತ ಗೊತ್ತಿದ್ದ ಮಾಡ್ತೀನಿ. ಒಡಿಯೂತನಕಾ ನೀರ ತಣ್ಣಗಿರತೈತಿ. ಹಿಡಿ, ನನ್ನ ಸೆರಗ ಒದ್ದಿ ಮಾಡಾಕ್ಹತ್ತೇತಿ.”

ಅವನು ಹಿಡಿದ.

ಆ ಮರಿಗೆ ಕಾಯುವುದನ್ನು ಕಲಿಸಿದ, ಆದರೆ ಯಾರ ಕೈಯ ತುತ್ತನ್ನಾದರೂ ತಿನ್ನುವುದನ್ನೂ ಕಲಿಸಿದ. ಬಂದವರಿಗೆಲ್ಲ ತುತ್ತು ಕೊಟ್ಟು ತಿನ್ನಿಸಿ ರೂಢಿ ಮಾಡಿಸಿದ. ಹೇರಿನವರು ತಲೆ ಚಚ್ಚಿಕೊಂಡರು. ಇದು ಕಾವಲುನಾಯಿಯೋ ಬೀಗರ ನಾಯಿಯೋ ಅಂದರು. ಕಳ್ಳರು ರೊಟ್ಟಿ ಹಾಕಿ ಚೀಲ ಒಯ್ದರು. ಒಯ್ದದ್ದು ನಿಜ. ಚೀಲ ಮತ್ತೆ ತುಂಬುತ್ತದೆ ಅಂತ ಅಡಿವೆಪ್ಪ ಅಷ್ಟಕ್ಕೇ ಬಿಟ್ಟ. ಆ ನಾಯಿ ಮುದಿಯಾಗಿ ಸತ್ತಿತು, ಅದರ ಮೇಲಿನ ಕಂಬಳಿಯನ್ನೂ ಅವನೇ ಎತ್ತಿದ. ಅದರ ಹಿಂದೆ ಇನ್ನೊಂದು, ಇನ್ನೊಂದರ ಹಿಂದೆ ಮತ್ತೊಂದು. ಪ್ರತಿ ಸಲವೂ ಆ ಮಾತು ಗಂಟಲಿನಿಂದ ಬೇಗ ಬರುತ್ತಿರಲಿಲ್ಲ, ಪ್ರತಿ ಸಲವೂ ಎಲ್ಲರೂ ಕಾಯುತ್ತಿದ್ದರು. ರೂಢಿಯಾದರೆ ಸುಲಭವಾಗುತ್ತದೆ ಅನ್ನುವ ಮಾತು ಉಪ್ಪಿನ ಚೀಲ ಹೊರುವುದಕ್ಕೆ ಸರಿ, ಇದಕ್ಕಲ್ಲ.

ಅಡಿ​ವೆಪ್ಪ ಎಲ್ಲಿ ಸತ್ತ ಅಂತ ಗೊತ್ತಿಲ್ಲ. ಒಂದು ಬೆಳಗ್ಗೆ ಹೇರು ಹೊರಟಿತು, ಅವನು ಎಂದಿನಂತೆ ಏನೋ ಉಳಿದಿದೆ, ನೋಡಿ ಬರುತ್ತೇನೆ ಅಂತ ಬಯಲಿಗೆ ತಿರುಗಿದ, ಬರಲಿಲ್ಲ. ಅವನ ನಾಯಿಯೂ ಬರಲಿಲ್ಲ. ಇನ್ನೂ ನೋಡುತ್ತಲೇ ಇದ್ದಾನೆ ಅಂತಾರೆ.

ಹೇರೆತ್ತು ಹೋದವು, ಬಂಡಿ ಬಂದವು, ಬಂಡಿ ಹೋಗಿ ಲಾರಿ ಬಂದವು. ಆ ದಾರಿಯಲ್ಲಿ ಇವತ್ತಿಗೂ ಲಾರಿಯವರು ಊಟಕ್ಕೆ ನಿಲ್ಲಿಸಿ ಹೊರಡುವಾಗ ಕ್ಲೀನರ್ ಇಳಿದು ಒಂದು ಸುತ್ತು ಹಾಕಿ, ನಿಂತಿದ್ದ ಜಾಗವನ್ನು ತಿರುಗಿ ನೋಡಿಯೇ ಹತ್ತುತ್ತಾನೆ. ಕೇಳಿದರೆ ಅಡಿವೆಪ್ಪನ ಪಾಳಿ ಅಂತಾನೆ. ಯಾವ ಅಡಿವೆಪ್ಪ ಅಂದರೆ ಗೊತ್ತಿಲ್ಲ ಅಂತಾನೆ. ರೊಟ್ಟಿ ಮುರಿದವರು ಮೊದಲ ತುತ್ತನ್ನು ಪಕ್ಕಕ್ಕೆ ಚಾಚುತ್ತಾರೆ. ಯಾವ ನಾಯಿ ಬಂದರೂ ಸರಿ.

ಮತ್ತೆ ಆ ಸೀಮೆಯಲ್ಲಿ ಯಾರ ಮನೆಯ ನಾಯಿ ಸತ್ತರೂ ಸುಮ್ಮನೆ ಹೂಳುವುದಿಲ್ಲ. ಕುಣಿಯಲ್ಲಿ ಇಳಿಸಿ, ಯಜಮಾನನ ಹೆಗಲ ಬಟ್ಟೆ, ಕಂಬಳಿಯೋ ಟವೆಲ್ಲೋ, ಹೆಂಗಸಾದರೆ ಸೆರಗೋ, ಅದರ ಮೇಲೆ ಹಾಸುತ್ತಾರೆ. ಆಮೇಲೆ ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ. ಬೇರೆ ಯಾರೂ ಕೈ ಹಾಕುವುದಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತಾರೆ, ಅಳು ಬಂದರೆ ಅಳಲು ಬಿಡುತ್ತಾರೆ, ಬೇಗ ಮಾಡು ಅನ್ನುವುದಿಲ್ಲ. ಹಾಸಿದವನೇ ಬಗ್ಗಿ ಎತ್ತಬೇಕು, ಝಾಡಿಸಬೇಕು, ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಮಣ್ಣು.

ಆ ಬಟ್ಟೆಯನ್ನು ಒಗೆಯದೆ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಡುತ್ತಾರೆ, ಸ್ವಲ್ಪ ದೂರ ಹೋಗಿ ಒಮ್ಮೆ ಹಿಂದೆ ನೋಡುತ್ತಾರೆ. ಹಿಂದೆ ನೋಡಿದರೆ ಲಾಭ ಅಲ್ಲೇ ಕೂತುಬಿಡುತ್ತದೆ ಅನ್ನುವ ಹಳೆಯ ವ್ಯಾಪಾರಿಗಳು ಇನ್ನೂ ಇದ್ದಾರೆ. ಅವರೂ ನೋಡುತ್ತಾರೆ.